ನೆಲಕ್ಕೆ ಬೆನ್ನು ಹಚ್ಚದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಬಬಲೇಶ್ವರದಿಂದ ತಿಕೋಟಾದವರೆಗೆ ಕುಸ್ತಿ ನೋಡಿ ಬೆಳೆದ ಹಿರಿಯರೆಲ್ಲ ಗುರುತು ಹಿಡಿದುಬಿಡುತ್ತಾರೆ. ಆಗ ನಾನು ಗೇಟು ಮುಚ್ಚಿ ಕಾಯ್ದುಕೊಂಡಿದ್ದು ಬೀದಿಗೆ ಬರುತ್ತದೆ. ಹಾಗಿದ್ದರೆ ಬರೆಯುವುದೇ ಯಾಕೆ, ಸುಮ್ಮನಿರಬಾರದೇ ಎಂದು ನೀವು ಕೇಳಬಹುದು. ಹೋದ ವಾರ ಅವರ ಮಣ್ಣಿಗೆ ಹೋಗಿ ಬಂದಾಗಿನಿಂದ ನನಗೆ ನಾನೇ ಅದನ್ನು ಕೇಳಿಕೊಳ್ಳುತ್ತಿದ್ದೇನೆ. ಇಟ್ ಈಸ್ ನಾಟ್ ಡೀಸೆಂಟ್ ಅಂತ ಒಳಗೊಂದು ದನಿ ಹೇಳುತ್ತದೆ. ಆದರೂ ಪೆನ್ನು ಕೈಯಲ್ಲಿದೆ, ಮತ್ತು ಬರೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

ಅವರು ಕಾರುಗಳಿಗೆ ಮಷೀನ್ ಪಾಲಿಶ್ ಮಾಡುತ್ತಿದ್ದರು. ಹರೆಯದಲ್ಲಿ ಪೈಲ್ವಾನರು. ನಾವು ಕೊನೆಯವರೆಗೂ ಹಾಗೇ ಕರೆದೆವು.

ಸಾದಾ ಮನುಷ್ಯ, ವಿನಯವಂತ ಎಂದೆಲ್ಲ ಬರೆದರೆ ಅವರೇ ಎದ್ದುಬಂದು ಜಗಳ ತೆಗೆದಾರು. ಅಷ್ಟು ಡೌಲಿನ ಇನ್ನೊಬ್ಬ ಮನುಷ್ಯನನ್ನು ನಾನು ವಿಜಯಪುರದಲ್ಲಿ ಕಾಣೆ. ಮೀಸೆಗೆ ಕಪ್ಪು, ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ, ಮೋಡವಿದ್ದರೂ ಕರಿಕನ್ನಡಕ. ಸ್ಕೂಟರಿನಲ್ಲಿ ಮಷೀನನ್ನು ಕಾಲ ನಡುವೆ, ಮಗುವನ್ನು ನಿಲ್ಲಿಸಿಕೊಂಡಂತೆ ನಿಲ್ಲಿಸಿಕೊಂಡು ಬರುವರು. ಕೆಲಸಕ್ಕೆ ಮೊದಲು ಸೊಂಟದ ಬೆಲ್ಟು ಬಿಚ್ಚಿ ಗಿಡದ ಟೊಂಗೆಗೆ ಹಾಕುವುದು, ಬಕಲ್ ತಗುಲಿ ಪೇಂಟಿಗೆ ಗೀರು ಬೀಳಬಾರದಲ್ಲ. ಆಮೇಲೆ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು, ಕರವಸ್ತ್ರದಲ್ಲಿ ಸುತ್ತಿ, ದಾರ ಸಮೇತ ಬೆನ್ನ ಹಿಂದಕ್ಕೆ ಸರಿಸುವುದು. "ಸ್ವಲ್ಪ ಹೊತ್ತು ಹಿಂದ ಕುಂದ್ರಪಾ, ಮುಂದ ಕೆಲಸ ಐತಿ" ಎಂದು ಲಿಂಗಪ್ಪನಿಗೆ ಹೇಳಿಯೇ ಸ್ವಿಚ್ ಒತ್ತುತ್ತಿದ್ದರು.

ನಮ್ಮ ಮನೆಗೆ ಅವರು ಬರಲು ಕಾರಣ ಒಂದು ಹಲ್ಲು. ನನ್ನ ಹಸ್ಬಂಡ್ ಡೆಂಟಿಸ್ಟ್ ಆಗಿದ್ದರು. ಕುಸ್ತಿಯಲ್ಲಿ ಮುರಿದ ಪೈಲ್ವಾನರ ಮುಂದಿನ ಹಲ್ಲನ್ನು ಇವರು ಸರಿಮಾಡಿಕೊಟ್ಟಿದ್ದರು. ಆ ಹಲ್ಲು ಮೀಸೆಯ ಕೆಳಗೆ ಹೊಳೆಯುತ್ತಿದ್ದಷ್ಟು ಕಾಲವೂ ನಮ್ಮ ಕಡುನೀಲಿ ಕಾರೂ ಹೊಳೆಯಬೇಕೆಂದು ಅವರೇ ತೀರ್ಮಾನಿಸಿಬಿಟ್ಟರು.

"ಸಾಹೇಬ್ರ, ನೀವು ಹಲ್ಲಿಗೆ ಹಚ್ಚೂ ಮಷೀನು, ನಾ ಕಾರಿಗೆ ಹಚ್ಚೂ ಮಷೀನು, ಎರಡೂ ಒಂದ ಜಾತಿ. ನಿಮ್ಮದು ಸಣ್ಣದು, ನಂದು ದೊಡ್ಡದು, ಅಷ್ಟ" ಎನ್ನುತ್ತಿದ್ದರು.

"ನನ್ನ ಕಾರುಗಳು ಅಳತಾವು, ನಿನ್ನವು ಅಳೂದಿಲ್ಲ" ಎಂದು ಇವರು ನಗುತ್ತಿದ್ದರು.

ಪಾಲಿಶ್ ಮುಗಿದ ಕೂಡಲೇ, "ಅಮ್ಮಾರ, ಬರ್ರಿ, ಮಾರಿ ನೋಡ್ಕೋರಿ" ಎಂದು ಕೂಗುವರು. ನಾನು ಹೋಗುವಷ್ಟರಲ್ಲಿ ಬಾನೆಟ್ಟಿನಲ್ಲಿ ತಮ್ಮ ಮುಖ ಮೊದಲು ನೋಡಿಕೊಂಡು, ಮೀಸೆ ತಿದ್ದಿ, ಆಮೇಲೆ ನನಗೆ ಜಾಗ ಬಿಡುತ್ತಿದ್ದರು. ಅದರಲ್ಲಿ ನನ್ನ ಮುಖ ಕುಂಬಳಕಾಯಿಯಂತೆ ಅಗಲವಾಗಿ ಕಾಣುತ್ತಿತ್ತು.

ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತೊಂದಿತ್ತು. "ಈ ಬೆನ್ನು ಮಣ್ಣು ಕಂಡಿಲ್ರಿ." ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದವನು ಚಿತ್, ಅಂದರೆ ಸೋತ. ಅವರು ಯಾವತ್ತೂ ಚಿತ್ ಆದವರಲ್ಲ. ಹಾಗಂತ ಅವರು ಹೇಳುತ್ತಿದ್ದರು. ಒಪ್ಪದವರೊಬ್ಬರಿದ್ದರು. ಕಳ್ಳಕವಟಗಿಯ ಕಡೆಯವರು, ತೆಂಗಿನ ಮರದಷ್ಟು ಎತ್ತರದ ಆಳು, ಈಗ ದ್ರಾಕ್ಷಿ ಬೆಳೆಯುತ್ತಾರೆ. ಹರೆಯದಲ್ಲಿ ಇಬ್ಬರೂ ಒಮ್ಮೆ ಅಖಾಡದಲ್ಲಿ ಹಿಡಿದಾಗ ಪೈಲ್ವಾನರ ಬೆನ್ನು ಒಂದು ಚಣ ಮಣ್ಣಿಗೆ ಹತ್ತಿತ್ತೆಂದು ಅವರ ವಾದ. ಹತ್ತಿದ್ದು ಬೆನ್ನಲ್ಲ, ಭುಜ ಎಂದು ಪೈಲ್ವಾನರ ವಾದ. ಮುದುಕರಾದರೂ ಚಹಾದಂಗಡಿಯಲ್ಲಿ ಎದುರಾದರೆ ಅದೇ ಜಗಳ.

"ಬೆನ್ನೋ ಲೇ ಅದು."

"ಭುಜೋ ಲೇ. ನಿನಗ ಆವಾಗಿಂದನ ಕಣ್ಣು ಕಾಣೂದಿಲ್ಲ."

ಪೈಲ್ವಾನರ ಹೆಂಡತಿ ಒಮ್ಮೆ ನನ್ನ ಹತ್ತಿರ ಹೇಳಿದ್ದರು. "ಹಾಸಗ್ಯಾಗೂ ಮಗ್ಗಲಾಗೇ ಮಲ್ಕೋತಾರ್ರಿ. ಅಂಗಾತ ಮಲಗಿದ್ದು ನಾ ಮದಿವಿ ಆಗಿ ಬಂದಾಗಿಂದ ಕಂಡಿಲ್ಲ." ನಾವಿಬ್ಬರೂ ನಕ್ಕಿದ್ದೆವು. ಅದು ನಗುವ ಮಾತು ಎಂದುಕೊಂಡಿದ್ದೆವು.

ಇನ್ನು ನನ್ನ ಬೆನ್ನಿನ ಮಾತು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮವರು ತೀರಿಕೊಂಡ ಮಾರನೆಯ ವರ್ಷ ಸಿದ್ಧೇಶ್ವರ ಗುಡಿಯ ಹತ್ತಿರ ಹೂವು ತರಲು ಹೋಗಿದ್ದೆ. ಹೂವಿನವರು ಚೆಲ್ಲಿದ ಒದ್ದೆ ಕಸದ ಮೇಲೆ ಕಾಲಿಟ್ಟೆ. ಜಾರಿ ಅಂಗಾತ ಬಿದ್ದೆ, ನಡುರಸ್ತೆಯಲ್ಲಿ, ಫ್ಲ್ಯಾಟ್ ಆನ್ ಮೈ ಬ್ಯಾಕ್. ಸೀರೆ ಮೊಳಕಾಲ ಮೇಲೆ, ಒಂದು ಚಪ್ಪಲಿ ಎಲ್ಲೋ. ಏಳಲು ಆಗುತ್ತಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಲೆಯ ಮೇಲೆ ಪುಸ್ತಕವಿಟ್ಟು ನಡೆಸಿ, "ಬ್ಯಾಕ್ಸ್ ಸ್ಟ್ರೇಟ್, ಗರ್ಲ್ಸ್" ಎಂದು ಬೆಳೆಸಿದ ಹುಡುಗಿ ನಾನು. ಮೇಲೆ ನೋಡಿದರೆ ಸುತ್ತ ಬರೀ ಮುಖಗಳು, ಅವುಗಳ ನಡುವೆ ಒಂದು ಫೋನು ನನ್ನ ಕಡೆಗೇ ತಿರುಗಿದೆ.

ಆಗ ಕೇಳಿಸಿದ್ದು ಪೈಲ್ವಾನರ ದನಿ. "ಏ, ಫೋನ್ ಒಳಗ ಇಡೋ. ನಿಮ್ಮವ್ವ ಬಿದ್ರೂ ಹಿಂಗ ತಗೀತಿಯೇನು? ಸರೀರಿ ಎಲ್ಲಾರೂ."

ಅವರು ನನ್ನ ಹತ್ತಿರ ಬಂದರು, ಆದರೆ ನನ್ನನ್ನು ನೋಡಲಿಲ್ಲ. ನನ್ನ ಕಡೆ ಬೆನ್ನು ಹಾಕಿ, ಎರಡೂ ಕೈ ಚಾಚಿ ಗೋಡೆಯಂತೆ ನಿಂತುಬಿಟ್ಟರು. ತಲೆ ತಿರುಗಿಸದೆಯೇ, "ಹೂವಿನ ಅಕ್ಕಾ, ಅಮ್ಮಾರನ್ನ ಎಬ್ಬಸವಾ" ಎಂದರು. ನಾನು ಸೀರೆ ಸರಿಮಾಡಿಕೊಂಡು, ಆಟೋದಲ್ಲಿ ಕೂತು, ಆಟೋ ಹೊರಡುವವರೆಗೂ ನನಗೆ ಕಂಡದ್ದು ಅವರ ಅಂಗಿಯ ಬೆನ್ನು ಮಾತ್ರ.

ಮೂಳೆ ಮುರಿಯಲಿಲ್ಲ. ಆದರೆ ಸೀರೆಯ ಒಳಗೆ ಸೊಂಟಕ್ಕೊಂದು ಬೆಲ್ಟು ಬಂತು. ಹೊರಗೆ ಹೋಗುವುದನ್ನು ನಿಲ್ಲಿಸಿದೆ. ನೋವು ಎಂದು ಎಲ್ಲರಿಗೂ ಹೇಳಿದೆ. ನೋವಲ್ಲ, ನಾಚಿಕೆ. ಆ ಹೂವಿನವರು, ಆ ಅಂಗಡಿಗಳವರು ನನ್ನನ್ನು ಆ ಸ್ಥಿತಿಯಲ್ಲಿ ಕಂಡಿದ್ದಾರೆ, ಮತ್ತೆ ಅವರ ಮುಂದೆ ಯಾವ ಮುಖ ಹೊತ್ತು ಹೋಗುವುದು? ಕಾರು ಪೋರ್ಟಿಕೋದಲ್ಲೇ ನಿಂತಿತು. ಪೈಲ್ವಾನರು ಮಾತ್ರ ಯುಗಾದಿಗೆ, ದಸರೆಯ ಖಂಡೆಪೂಜೆಗೆ ಮೊದಲಿನಂತೆಯೇ ಬಂದು ಆ ನಿಂತ ಕಾರನ್ನು ಹೊಳೆಯಿಸಿ ಹೋಗುತ್ತಿದ್ದರು. ಗುಡಿಯ ಹತ್ತಿರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರ ನೋವು ನನಗೆ ಗೊತ್ತಾದದ್ದು ಒಂದು ಖಂಡೆಪೂಜೆಯ ಹಿಂದಿನ ದಿನ. ಹಿಂದಿನ ಬಾಗಿಲಿನ ಕೆಳಗಿನ ಅಂಚಿಗೆ ಬಂದಿದ್ದರು. ಅವರ ಪದ್ಧತಿ ಎಂದರೆ ಮೊಳಕಾಲು ಮಡಿಸದೆ, ಸೊಂಟದಲ್ಲೇ ಬಾಗಿ, ಆ ಭಾರದ ಮಷೀನನ್ನು ತೋಳಿನಿಂದ ಇಳಿಬಿಟ್ಟು ತಿರುಗಿಸುವುದು. ಮಷೀನಿನ ಸದ್ದು ನಿಂತಿತು, ಮತ್ತೆ ಶುರುವಾಗಲಿಲ್ಲ. ಹೊರಗೆ ಬಂದು ನೋಡಿದರೆ ಬಾಗಿದವರು ಬಾಗಿದಂತೆಯೇ ಇದ್ದಾರೆ.

"ಏನ್ ನೋಡಾಕತ್ತೀರಿ ಪೈಲ್ವಾನ್ರ?"

"ಸ್ಕ್ರ್ಯಾಚ್ ಐತ್ರಿ ಅಮ್ಮಾರ."

"ಎಲ್ಲೈತಿ?"

"ಅದನ್ನ ಹುಡುಕಾಕತ್ತೇನ್ರಿ."

ಒಳಗೆ ಹೋಗಿ ಚಹಾ ಮಾಡಿ ತಂದೆ. ಇನ್ನೂ ಹುಡುಕುತ್ತಿದ್ದರು.

"ಚಹಾ ಅಲ್ಲೇ ಇಡ್ರಿ."

"ಆರತೈತಿ."

"ಆರಿದ್ದ ಚಹಾನ ನನಗ ಛಲೋ ಹತ್ತತೈತ್ರಿ."

ಕುರ್ಚಿಯಿಂದ ಏಳಲಾಗದಾಗ ನಾನೂ ಹೀಗೆಯೇ ಬಗ್ಗಿ ಕನ್ನಡಕ ಹುಡುಕುವ ನಾಟಕ ಮಾಡುತ್ತೇನೆ, ಕನ್ನಡಕ ಮೂಗಿನ ಮೇಲೆಯೇ ಇರುತ್ತದೆ. ಹಾಗಾಗಿ ನನಗೆ ತಿಳಿಯಿತು. ಒಳಗೆ ಹೋಗಿ, ನಮ್ಮವರ ಕ್ಲಿನಿಕ್ಕಿನ ಸ್ಟೂಲನ್ನು ತಳ್ಳಿಕೊಂಡು ಬಂದು ಅವರ ಹಿಂದೆ ನಿಲ್ಲಿಸಿದೆ. ಗಾಲಿಗಳಿರುವ ದುಂಡನೆಯ ಸ್ಟೂಲು, ಬೇಕಾದಷ್ಟು ಎತ್ತರಿಸಬಹುದು, ತಗ್ಗಿಸಬಹುದು.

"ಸಾಹೇಬರ ಕುರ್ಚಿ ಇದು" ಎಂದೆ. "ಅವರಿಗೂ ಇಡೀ ದಿನ ಮಂದಿ ಬಾಯೊಳಗ ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಆಮ್ಯಾಲೆ ಒಂದು ರೂಲ್ ಮಾಡಿಕೊಂಡ್ರು. ನನ್ನ ಬೆನ್ನು ಬಾಯಿ ಹತ್ರ ಹೋಗೂದಿಲ್ಲ, ಬಾಯಿನೇ ನನ್ನ ಹತ್ರ ಬರಬೇಕು."

"ಕಾರು ಹೆಂಗ ಬರ್ತೈತ್ರಿ ನನ್ನ ಹತ್ರ?"

"ಕಾರು ಬರಲ್ಲ, ನೀವು ಇಳೀರಿ. ಇದರ ಮ್ಯಾಲೆ ಕುಂದ್ರಿ."

ಬಹಳ ಹೊತ್ತಿನ ಮೇಲೆ, ಮೊಳದಷ್ಟು ಹಿಂದೆ ಸರಿದು, ಹಲ್ಲು ಕಚ್ಚಿ ಕುಳಿತರು. ಸ್ಟೂಲು ಉರುಳಿ ಕಾರಿನ ಬದಿಗೇ ಹೋಗಿ ನಿಂತಿತು. ಬಾಗಿಲಿನ ಅಂಚು ಈಗ ಸೊಂಟ ಬಾಗಿಸದೆಯೇ ಕೈಗೆ ಎಟುಕುವಂತಿತ್ತು. ಅದನ್ನು ನೋಡಿ ಅವರಿಗೆ ಸಿಟ್ಟೇ ಬಂತು.

"ಇಷ್ಟು ವರ್ಷ ಯಾವ ಸೂಳೆಮಗನೂ ಹೇಳಲಿಲ್ಲ ನೋಡ್ರಿ ಇದನ್ನ" ಎಂದವರು ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ ಅಮ್ಮಾರ."

ಸ್ಟೂಲು ಅವರ ಜೊತೆಗೇ ಹೋಯಿತು. ಆಮೇಲೆ ನಮ್ಮಿಬ್ಬರ ಮಾತೆಲ್ಲ ಸೊಂಟದ ಸುತ್ತಲೇ. ಬಾನೆಟ್ಟಿಗೆ ನಿಂತಾಗ ಹೇಗೆ ನಿಲ್ಲಬೇಕು ಎಂಬುದನ್ನು ಅವರೇ ಕಂಡುಕೊಂಡರು. ಒಂದು ಕಾಲು ಮುಂದೆ, ಒಂದು ಹಿಂದೆ, ಮೊಳಕಾಲು ಸಡಿಲ, ಮಷೀನು ಅತ್ತಿತ್ತ ಹೋದಂತೆ ಮೈಯೇ ತೂಗಬೇಕು, ಸೊಂಟ ಮುರಿಯಬಾರದು. "ಅಖಾಡದಾಗ ಸೊಂಟ ಬಗ್ಗಿಸಿ ನಿಂತ್ರ ವಸ್ತಾದ ಬೆತ್ತ ತೊಗೊಂಡು ಹೊಡೀತಿದ್ರು. ಇಲ್ಲಿ ಹೊಡಿಯಾವ್ರು ಯಾರೂ ಇರಲಿಲ್ಲ, ಅದಕ್ಕ ಕೆಟ್ಟೆ" ಎಂದರು. ವೈರು ಕಾಲಿಗೆ ತೊಡರದಂತೆ ಹೆಗಲ ಮೇಲಿಂದ ಹಿಂದಕ್ಕೆ ಬಿಡುವುದು, ಮಷೀನನ್ನು ಒತ್ತದೆ ಅದರ ತೂಕಕ್ಕೇ ಕೆಲಸ ಬಿಡುವುದು, ಟಾಪಿಗೆ ಕೈ ಚಾಚುವ ಬದಲು ಅಗಲವಾದ ಹಲಗೆ ಹತ್ತುವುದು. ಇದನ್ನೆಲ್ಲ ಅವರು ನನಗೆ ನಿಂತು ತೋರಿಸುತ್ತಿದ್ದರು. ನಾನು ಸೊಂಟದ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು, ನನಗೇನೂ ಆಗಿಲ್ಲವೆಂಬಂತೆ ನೋಡುತ್ತಿದ್ದೆ.

ಆದರೆ ಅಷ್ಟರಲ್ಲಿ ಬೆನ್ನು ಕೈಮೀರಿತ್ತು. ಹೆಂಡತಿಯ ಕಾಟಕ್ಕೆ ಫಿಸಿಯೋಥೆರಪಿಗೆ ಹೋದರು. ಬಂದವರ ಮುಖ ಇಳಿದಿತ್ತು.

"ಏನಂದ್ರು?"

"ಒಂದೊಂದು ಬಾಜೂ ಪಾಲಿಶ್ ಆದ ಕೂಡಲೇ ಸ್ವಲ್ಪ ಹೊತ್ತು ಅಂಗಾತ ಮಲ್ಕೋಬೇಕಂತ್ರಿ. ಗಟ್ಟಿ ನೆಲದ ಮ್ಯಾಲೆ, ಕಾಲು ಮಡಚಿ ಸ್ಟೂಲ್ ಮ್ಯಾಲೆ ಇಟಗೊಂಡು. ಇಲ್ಲಾಂದ್ರ ಮಷೀನ್ ಬಿಡು ಅಂತು ಆ ಹುಡುಗಿ. ನಾ ಯಾರು ಅಂತ ಗೊತ್ತಿಲ್ಲ ಅದಕ್ಕ."

"ಮಲ್ಕೊಂಡ್ರ ಏನಾತು?"

ಅವರು ನನ್ನನ್ನು ನೋಡಿದ ನೋಟಕ್ಕೆ ನನ್ನ ಪ್ರಶ್ನೆ ನನಗೇ ದಡ್ಡತನವೆನಿಸಿತು. ತೊರವಿ ರಸ್ತೆಯ ಅವರ ಅಂಗಡಿಗೆ ಬಾಗಿಲು ಎನ್ನುವುದೇ ಇರಲಿಲ್ಲ, ಮೇಲೊಂದು ತಗಡು, ಮೂರು ಕಡೆ ಗೋಡೆ, ಎದುರಿಗೆ ಓಡಾಡುವ ಜನ.

"ಗಿರಾಕಿ ಮುಂದ ಚಿತ್ ಬೀಳ್ಲೇನ್ರಿ?"

"ಮನ್ಯಾಗ?"

"ಮನ್ಯಾಗ ಮೊಮ್ಮಕ್ಕಳು ಅದಾವ. ಅಜ್ಜ ಚಿತ್ ಆದ ಅಂತ ಊರೆಲ್ಲಾ ಸಾರ್ತಾವ. ಆ ಕಳ್ಳಕವಟಗ್ಯಾಂವನ ಕಿವಿಗೆ ಬಿತ್ತಂದ್ರ ಮುಗದ ಹೋತು."

"ಮಷೀನ್ ಬಿಟ್ರ ಏನ್ ಮಾಡ್ತೀರಿ?"

"ಬಿಟ್ರ ಏನು? ದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಗೇಟಿನಾಗ ಕುರ್ಚಿ ಹಾಕ್ಕೊಂಡು ಕುಂದರೂದು. ಬಂದ ಲಾರಿಗೆ ಸಲಾಮ್ ಹೊಡಿಯೂದು." ಕರಿಕನ್ನಡಕ ತೆಗೆದು ಒರೆಸಿದರು. "ಈ ಕೈಯಾಗ ಒಂದು ಹೊಳಪು ಐತ್ರಿ ಅಮ್ಮಾರ. ಅದನ್ನ ಬಿಟ್ರ ನಾ ಬರೇ ಮೀಸಿ."

ನನಗೆ ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ನಮ್ಮ ಪೋರ್ಟಿಕೋ ಇದೆಯಲ್ಲ ಎಂದೆ. ಗೇಟು ತಗಡಿನದು, ಹಾಕಿದರೆ ಒಳಗೇನೂ ಕಾಣುವುದಿಲ್ಲ. ಅಂಗಡಿಯೂ ದೂರವಿಲ್ಲ. ಅವರು ಗೇಟಿನ ಹತ್ತಿರ ಹೋಗಿ ಸಂದಿಗಳನ್ನೆಲ್ಲ ಪರೀಕ್ಷಿಸಿ ಬಂದರು. ಆಮೇಲೂ ನಿಂತೇ ಇದ್ದರು. ಉಳಿದಿದ್ದ ಸಂದಿ ನಾನು.

"ನಾನು ಗೇಟಿನ ಕಡೆ ಮಾರಿ ಮಾಡಿ ಕುಂದರ್ತೇನಿ" ಎಂದೆ. "ಅವತ್ತು ನೀವು ನೋಡಲಿಲ್ಲಲ್ಲ, ನಾನೂ ನೋಡೂದಿಲ್ಲ."

ಇಷ್ಟು ವರ್ಷಗಳಲ್ಲಿ ಆ ಮಾತು ನಮ್ಮ ನಡುವೆ ಬಂದದ್ದು ಅದೇ ಮೊದಲು. ಅವರು ಕಾರಿನ ಮೇಲಿಲ್ಲದ ಧೂಳನ್ನು ಬೆರಳಿನಿಂದ ಒರೆಸಿದರು.

"ಯಾವತ್ತು? ನನಗೇನೂ ನೆನಪಿಲ್ರಿ ಅಮ್ಮಾರ" ಎಂದರು. ಆಮೇಲೆ, "ಕುರ್ಚಿ ತೊಗೊಂಡು ಬರ್ರಿ ಹಂಗಾರ" ಎಂದರು.

ಹಾಗೆ ಅದು ಶುರುವಾಯಿತು. ಅಂಗಡಿಯಲ್ಲಿ ಒಂದು ಬದಿ ಮುಗಿಸಿ ಸ್ಕೂಟರು ಹತ್ತಿ ಬರುವರು. ಅಕ್ಕಪಕ್ಕದವರಿಗೆ ಕೇಳುವಂತೆ, "ನಿಮ್ಮ ಕಾರಿಗೆ ಧೂಳು ಹತ್ತಿರಬೇಕು, ಒರಸಿ ಹೋಗ್ತೇನ್ರಿ" ಎಂದು ಕೂಗುವರು. ಎಲ್ಲಿಗೂ ಹೋಗದ ಕಾರನ್ನು ಈ ಮುದುಕಿ ದಿನಾ ಒರೆಸಿಸುತ್ತಾಳೆ ಎಂದು ಓಣಿಯಲ್ಲಿ ನನಗೆ ಹುಚ್ಚಿಯ ಪಟ್ಟ ಬಂತು. ನಾನು ಗೇಟು ಹಾಕಿ, ಅದಕ್ಕೆ ಎದುರಾಗಿ ಕುರ್ಚಿ ಹಾಕಿಕೊಂಡು, ಪೇಪರ್ ಹಿಡಿದು ಕೂರುವೆ. ನನ್ನ ಹಿಂದೆ ಚಾಪೆ ಬಿಚ್ಚುವ ಸದ್ದು, ಒಂದು ನರಳಿಕೆ. ನಾನು ತಿರುಗಿ ನೋಡಿದ್ದಿಲ್ಲ. ಅವರು ಹೇಗೆ ಮಲಗುತ್ತಿದ್ದರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ, ಕರಿಕನ್ನಡಕ ಹಾಕಿಕೊಂಡೇ ಮಲಗುತ್ತಿದ್ದರೇನೋ.

ಬೆನ್ನಿಗೆ ಬೆನ್ನು ಹಾಕಿ ಆಡುವ ಮಾತಿಗೆ ಒಂದು ಸಲಿಗೆ ಇರುತ್ತದೆ. ಮುಖ ಕಾಣದಿದ್ದರೆ ಅರ್ಧ ನಾಚಿಕೆ ಕಡಿಮೆ.

"ಅಮ್ಮಾರ."

"ಹಾಂ."

"ನಿಮ್ಮ ಪೋರ್ಟಿಕೋದ ಮೂಲ್ಯಾಗ ಜೇಡರ ಬಲಿ ಆಗೈತ್ರಿ. ದೊಡ್ಡದು."

"ನನಗ ಯಾವತ್ತೂ ಕಂಡಿಲ್ಲಲ್ಲ."

"ನೀವು ಕುಂತು ನೋಡ್ತೀರಿ. ಇದು ಬಿದ್ದಾವ್ರಿಗಷ್ಟ ಕಾಣ್ತೈತಿ."

ಇನ್ನೊಂದು ದಿನ, ಮಲಗಿದ್ದಲ್ಲಿಂದಲೇ ಕೇಳಿದರು. "ಅಮ್ಮಾರ, ಈ ಕಾರು ಯಾರ ಸಲುವಾಗಿ ಹೊಳಸಾಕತ್ತೇನ್ರಿ ನಾ?"

ನಾನು ಪೇಪರಿನ ಹಾಳೆ ಮಗುಚಿದೆ.

"ಸಾಹೇಬ್ರು ಇಲ್ಲ. ನೀವು ಹೊರಗ ಬೀಳೂದಿಲ್ಲ. ಕಾರಿನಾಗ ಮಾರಿ ನೋಡ್ಕೊಳ್ಳಾಂವ ನಾನೊಬ್ಬ. ಹೂವಿನ ಅಕ್ಕ ಕೇಳ್ತಿರ್ತಾಳ, ಅಮ್ಮಾರು ಯಾಕ ಬರೂದಿಲ್ಲ ಅಂತ."

"ಏನ್ ಹೇಳಿದ್ರಿ?"

"ಫಾರಿನ್‌ಗೆ ಹೋಗ್ಯಾರ ಅಂದೇನಿ."

ಹೀಗಿರುವಾಗ ಒಂದು ಮಧ್ಯಾಹ್ನ ಗೇಟಿನ ಮೇಲೆ ಒಂದು ತಲೆ ಕಾಣಿಸಿತು. ನಮ್ಮ ಗೇಟು ಮನುಷ್ಯರ ಎತ್ತರಕ್ಕೆ ಸಾಕು. ಕಳ್ಳಕವಟಗಿಯವರ ಎತ್ತರಕ್ಕೆ ಸಾಲದು ಎಂಬುದನ್ನು ಪೈಲ್ವಾನರೂ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ನಾನು ಎದ್ದು, ಸೊಂಟದ ನೋವು ಮರೆತು, ಗೇಟಿಗೆ ಅಡ್ಡವಾಗಿ ನಿಂತೆ. ಹಿಂದೆ ಉಸಿರೂ ನಿಂತುಹೋಯಿತು.

"ಪೈಲ್ವಾನ ಅದಾನೇನ್ರಿ?"

"ಇಲ್ಲ, ಹೋದ್ರು."

"ಸ್ಕೂಟರ್ ಇಲ್ಲೇ ಐತಲ್ರಿ."

"ನಡಕೋತ ಹೋದ್ರು."

"ಚಪ್ಪಲಿ ಇಲ್ಲೇ ಅದಾವಲ್ರಿ."

"ಬರಿಗಾಲೀಲೆ ಹೋದ್ರು. ವಾಕಿಂಗ್. ಫಾರ್ ಹೆಲ್ತ್."

ನನ್ನ ಕಿವಿ ಸುಟ್ಟಿತು. ಸುಳ್ಳು ಹೇಳುವುದನ್ನು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ, ಅದಕ್ಕೇ ಇಷ್ಟು ಕೆಟ್ಟದಾಗಿ ಹೇಳಿದೆ. ಆ ಎತ್ತರದ ಮನುಷ್ಯ ನನ್ನ ತಲೆಯ ಮೇಲಿಂದ ಒಮ್ಮೆ ಆಚೆಗೆ ನೋಡಿದರು. ಕಂಡಿತೋ, ಕಾರು ಅಡ್ಡವಾಯಿತೋ, ಅವರ ಮುಖದಿಂದ ಏನೂ ತಿಳಿಯಲಿಲ್ಲ. "ಬಂದ್ರ ಹೇಳ್ರಿ, ನಮ್ಮ ಗಾಡಿಗೆ ಪಾಲಿಶ್ ಬೇಕಾಗೈತಿ" ಎಂದು ಹೊರಟುಹೋದರು.

"ಹೋದ್ನೇನ್ರಿ?" ಹಿಂದಿನಿಂದ ಪಿಸುಮಾತು.

"ಹೋದ್ರು."

"ನೋಡಿದ್ನೇನ್ರಿ?"

"ಇಲ್ಲ" ಎಂದೆ. ಅದೂ ನನಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಪೈಲ್ವಾನರು ಕೆಲವು ದಿನ ಬರಲಿಲ್ಲ. ಗಾಬರಿಯಾಗಿ ಫೋನು ಮಾಡಿದರೆ ಹೆಂಡತಿ, "ಅಂಗಡಿಗೂ ಹೋಗಿಲ್ರಿ, ಮಾರಿ ಗ್ವಾಡಿಗೆ ಮಾಡಿ ಮಲಗ್ಯಾರ" ಎಂದರು. ಮತ್ತೆ ಬಂದಾಗ ಮೀಸೆ ಮೇಲೆ ತಿರುಗಿತ್ತು. ಚಹಾದಂಗಡಿಯಲ್ಲಿ ಕಳ್ಳಕವಟಗಿಯವರು ಸಿಕ್ಕಿದ್ದರಂತೆ. ಹತ್ತು ಜನರ ಮುಂದೆ ಅದೇ ಹಳೆಯ ಜಗಳ ತೆಗೆದರಂತೆ, ಬೆನ್ನೋ ಲೇ ಅದು ಎಂದು.

"ನೋಡಿದ್ದ ಅಂದ್ರ ಬಿಡ್ತಿದ್ನೇನ್ರಿ ಆ ಮಗ? ಹಳೇದು ಯಾಕ ತಗೀತಿದ್ದ, ಹೊಸಾದನ್ನ ಹೇಳ್ತಿದ್ದ" ಎಂದು ಹಿಗ್ಗಿ, ಚಾಪೆ ಬಿಚ್ಚಿದರು.

ಕೊನೆಯವರೆಗೂ ಮಷೀನು ಅವರ ಕೈಯಲ್ಲೇ ಇತ್ತು. ಹೋದ ವಾರ ಅಂಗಡಿಯಿಂದ ಬಂದು, ಉಂಡು ಮಲಗಿದವರು ಏಳಲಿಲ್ಲ. ಮಗ್ಗಲಾಗಿಯೇ ಮಲಗಿದ್ದರಂತೆ.

ಬಬಲೇಶ್ವರದ ಅವರ ಮನೆಗೆ ಹೋಗಲೇಬೇಕಿತ್ತು. ಸೀರೆಯ ಒಳಗೆ ಬೆಲ್ಟು ಬಿಗಿದುಕೊಂಡೆ. ಕರೆದರೆ ಬರುವ ಡ್ರೈವರೊಬ್ಬನಿದ್ದಾನೆ, ಬಂದ. ಅಷ್ಟು ವರ್ಷ ನಿಂತಲ್ಲೇ ಹೊಳೆದ ಕಾರು ಅವತ್ತು ರಸ್ತೆಗಿಳಿಯಿತು. ಆ ಮನೆಯ ಮುಂದೆ ಅದು ನಿಂತಾಗ ಜನ ತಿರುಗಿ ನೋಡಿದರು, ಮತ್ತು ಸಾವಿನ ಮನೆಗೆ ಇಷ್ಟು ಹೊಳೆಯುವ ಕಾರಿನಲ್ಲಿ ಬಂದೆನಲ್ಲ ಎಂದು ನಾನು ಕುಗ್ಗಿದೆ.

ಅವರ ಮನೆತನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಪಡಸಾಲೆಯಲ್ಲಿ ಪೈಲ್ವಾನರನ್ನು ಪದ್ಮಾಸನ ಹಾಕಿಸಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ, ಕೈಯಲ್ಲಿ ಲಿಂಗ. ಬೆನ್ನ ಹಿಂದೆ ಹೋಗುತ್ತಿದ್ದ ಲಿಂಗ ಅವತ್ತು ಮುಂದೆ ಬಂದಿತ್ತು. ಯಾರೋ ಮೀಸೆಗೂ ಕಪ್ಪು ಹಚ್ಚಿದ್ದರು. ಹೆಂಡತಿಯೇ ಇರಬೇಕು.

ಎಲ್ಲರೂ ನೆಲದ ಮೇಲೆ ಕುಳಿತಿದ್ದರು. ನನಗೆ ನೆಲಕ್ಕೆ ಕೂರಲಾಗುವುದಿಲ್ಲ ಎಂದು ಹೇಳಲೂ ಆಗದೆ, ಕೂರಲೂ ಆಗದೆ ಕಂಬ ಹಿಡಿದು ನಿಂತಿದ್ದೆ. ಪೈಲ್ವಾನರ ಹೆಂಡತಿ ಕಂಡರು. ಅಳುತ್ತಲೇ ಸೊಸೆಗೆ ಸನ್ನೆ ಮಾಡಿದರು. ಸೊಸೆ ಒಳಗಿನಿಂದ ತಳ್ಳಿಕೊಂಡು ಬಂದದ್ದು ನಮ್ಮವರ ಆ ಗಾಲಿಯ ಸ್ಟೂಲು. ಕೂತೆ. ಎಲ್ಲರಿಗಿಂತ ಎತ್ತರದಲ್ಲಿ, ಸತ್ತವರಿಗಿಂತಲೂ ಎತ್ತರದಲ್ಲಿ. ಅದೂ ಸಾಲದೆಂಬಂತೆ ಫರಸಿಯ ಇಳಿಜಾರಿಗೆ ಸ್ಟೂಲು ಮೆಲ್ಲಗೆ ಉರುಳತೊಡಗಿತು, ಹೆಂಗಸರ ನಡುವೆ, ನೇರವಾಗಿ ಪೈಲ್ವಾನರ ಕಡೆಗೆ. ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿಲ್ಲ. ನೆಲ ಬಾಯ್ಬಿಡಬಾರದೇ ಎಂದುಕೊಂಡೆ.

ಹಿಂದಿನಿಂದ ಒಂದು ದೊಡ್ಡ ಪಾದ ಬಂದು ಗಾಲಿಯನ್ನು ತಡೆಯಿತು. ಕಳ್ಳಕವಟಗಿಯವರು. ಪಾದವನ್ನು ಅಲ್ಲಿಂದ ತೆಗೆಯದೆಯೇ ನಿಂತರು. ಹೊರಗೆ ಸತ್ತವರನ್ನು ಕೂಡಿಸಿ ಒಯ್ಯುವ ವಿಮಾನ ಕಟ್ಟಿ ಮುಗಿಸಿದ್ದರು, ಇನ್ನು ಎತ್ತುವ ಹೊತ್ತು. ಅವರು ಪಡಸಾಲೆಗೆಲ್ಲ ಕೇಳುವಂತೆ ಹೇಳಿದರು.

"ನೋಡ್ರಪಾ ಎಲ್ಲಾರೂ. ಇವತ್ತರ ನೆಲಕ್ಕ ಬೆನ್ನು ಹಚ್ಯಾನೇನು ಇಂವ? ಹಚ್ಚಿಲ್ಲ. ಯಾವತ್ತೂ ಹಚ್ಚಿಲ್ಲ. ಅವತ್ತು ನನ್ನ ಕೂಡ ಹಿಡಿದಾಗೂ ಹತ್ತಿದ್ದು ಭುಜಾನ. ನಾ ಸುಳ್ಳು ಹೇಳ್ತಿದ್ದೆ."

ಹೆಂಗಸರ ಅಳು ಒಮ್ಮೆ ಜೋರಾಯಿತು. ಅವರು ನನ್ನ ಕಡೆ ಬಗ್ಗಿದರು.

"ಹೌದಲ್ರಿ ಅಮ್ಮಾರ?"

ಎಲ್ಲರೂ ನನ್ನ ಕಡೆ ನೋಡಿದರು. ಪೈಲ್ವಾನರೂ ನೋಡುತ್ತಿರುವಂತೆ ಕಂಡಿತು.

"ಹೌದ್ರಿ" ಎಂದೆ. ಈ ಸಲ ಚೆನ್ನಾಗಿಯೇ ಹೇಳಿದೆ.

ಅವರನ್ನು ಎತ್ತಿ ವಿಮಾನದಲ್ಲಿ ಕೂಡಿಸುವಾಗ ಆ ಮನುಷ್ಯ ನನಗೊಬ್ಬಳಿಗೇ ಕೇಳುವಂತೆ, "ಇವತ್ತೂ ಬರಿಗಾಲೀಲೆನ ಹೊಂಟಾನ ನೋಡ್ರಿ" ಎಂದರು. ಆಮೇಲೆ ಹೆಗಲು ಕೊಡಲು ಹೋ‌ದರು.

ಅಂದರೆ ಅವರು ಅಂದು ಗೇಟಿನ ಮೇಲಿಂದ ನೋಡಿದ್ದರು. ನೋಡಿಯೂ, ಜೀವಮಾನವಿಡೀ ಗೆಲ್ಲಬೇಕೆಂದಿದ್ದ ಜಗಳದಲ್ಲಿ ಅದನ್ನು ಬಳಸಲಿಲ್ಲ. ಸಾವಿನ ಮನೆಯಲ್ಲಿ ಆ ಜಗಳವನ್ನೂ ಬಿಟ್ಟುಕೊಟ್ಟು ಹೋದರು. ನಾನು ಮಾತ್ರ ಇಲ್ಲಿ ಕೂತು, ಹೆಸರು ಮುಚ್ಚಿ, ಎಲ್ಲವನ್ನೂ ಬರೆಯುತ್ತಿದ್ದೇನೆ. ಮಷೀನು ಹಿಡಿಯುವ ಯಾರಾದರೂ ಇದನ್ನು ಓದಿ, ಯಾರು ನೋಡಿದರೂ ಚಿಂತೆಯಿಲ್ಲ ಎಂದು ಒಂದು ಗಳಿಗೆ ನೆಲದ ಮೇಲೆ ಮಲಗಲಿ ಎಂಬುದು ನನ್ನ ನೆಪ. ನೆಪ ಎಂದು ನನಗೂ ಗೊತ್ತಿದೆ.

ಅವತ್ತು ಮನೆಗೆ ಬಂದು, ಸ್ನಾನ ಮಾಡಿ, ಪೋರ್ಟಿಕೋಗೆ ಬಂದೆ. ಅವರ ಚಾಪೆ ಕಾರಿನ ಹಿಂದೆ ಸುತ್ತಿಟ್ಟಂತೆಯೇ ಇತ್ತು. ಬಿಚ್ಚಿದೆ. ಕಾರಿನ ಬಂಪರು ಹಿಡಿದು, ಮೊಳಕಾಲೂರಿ, ಮಗ್ಗಲಾಗಿ, ಬಹಳ ಹೊತ್ತು ಹಿಡಿದು ಅಂಗಾತ ಮಲಗಿದೆ. ಗುಡಿಯ ಮುಂದೆ ಬಿದ್ದ ಮೇಲೆ ಗಟ್ಟಿ ನೆಲಕ್ಕೆ ನನ್ನ ಬೆನ್ನು ಹತ್ತಿದ್ದು ಅದೇ ಮೊದಲು. ಸೊಂಟ ಒಮ್ಮೆ ಚೀರಿ, ಆಮೇಲೆ ನಿಧಾನವಾಗಿ ಸಡಿಲವಾಯಿತು.

ಮೂಲೆಯಲ್ಲಿ ಜೇಡರ ಬಲೆ ಇತ್ತು. ಅವರು ಹೇಳಿದ್ದಷ್ಟು ದೊಡ್ಡದೇ.

ಅದನ್ನು ನೋಡುತ್ತ ಎಷ್ಟು ಹೊತ್ತು ಮಲಗಿದ್ದೆನೋ. ಓಣಿಯಲ್ಲಿ ಯಾರೋ ಮಾತಾಡುತ್ತ ಹೋದರು, ನಾನು ಉಸಿರು ಹಿಡಿದೆ. ಗೇಟು ಹಾಕಿಯೇ ಇತ್ತು. ಮಲಗುವ ಮೊದಲು ನಾನೇ ಹೋಗಿ, ಎರಡು ಸಲ ನೋಡಿ, ಚಿಲಕ ಹಾಕಿ ಬಂದಿದ್ದೆ.